ರೊಟ್ಟಿ ಹೊಲಿಯುವ ಮಷೀನು

“ಇದನ್ನ ಒಳಗಿಟ್ಟು ನಿಮ್ಮ ಮಷೀನು ಹೊಲೀತೈತೇನ್ರಿ?” ಎಂದು ನನ್ನ ಹೆಂಡತಿ ಚೀಲದಿಂದ ಜೋಳದ ರೊಟ್ಟಿಯ ಚೂರು ತೆಗೆದಿಟ್ಟಾಗ ಗಂಗಾವತಿಯ ಆ ಹೊಲಿಗೆ ಮಷೀನಿನ ಅಂಗಡಿ ಕೋರ್ಟಿನಷ್ಟು ಗಂಭೀರವಾಯಿತು.

ಅಲ್ಲಿಯವರೆಗೆ ಕಸೂತಿ ಮಷೀನೊಂದು ತನ್ನಷ್ಟಕ್ಕೆ ತಾನೇ ನವಿಲು ಬಿಡಿಸುತ್ತಿತ್ತು. ಅದರ ಗುಂಯ್ ಸದ್ದಿಗೆ ನಾನು ಅರೆನಿದ್ದೆಯಲ್ಲಿ ನಮ್ಮೂರು ಮರಳಿಯ ಭತ್ತದ ಗದ್ದೆಗಳ ಮೇಲೆ ತೇಲುತ್ತಿದ್ದೆ.

ಮಗಳ ಹೆರಿಗೆಗೆ ಮೊದಲು ಕೌದಿ ಮುಗಿಯಬೇಕಿತ್ತು. ಹೆಂಡತಿಯ ಬೆರಳುಗಳೋ ಈಗ ಸರಿಯಾಗಿ ಮಡಚುವುದಿಲ್ಲ. ಅದಕ್ಕೇ ಮಷೀನು. ನಮ್ಮಲ್ಲಿ ಹಳೆಯ ಸೀರೆಗಳ ಕೌದಿಯನ್ನು ಮುಚ್ಚುವ ಮುನ್ನ ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಹೊಲಿಯುತ್ತಾರೆ. ಹಸಿದ ಕೌದಿಯನ್ನು ಕೂಸಿಗೆ ಹೊದಿಸಬಾರದು.

ಅಂಗಡಿಯವರು ರೊಟ್ಟಿಯನ್ನು ತಿರುಗಿಸಿ ನೋಡಿದರು. “ಈ ಮಷೀನಿನಾಗ ನವಿಲು ಅದಾವ, ಗುಲಾಬಿ ಅದಾವ. ರೊಟ್ಟಿ ಮಾತ್ರ ಕಂಪನಿಯವರು ಹಾಕಿಲ್ಲರಿ ಅಕ್ಕಾರ.”

“ಹಂಗಾರ ನವಿಲು ನಿಮ್ಮ ಕಡೀನ ಇರ್ಲಿ. ದಪ್ಪ ಅರಿವಿ ಹೊಲಿಯೂದು ತೋರಸ್ರಿ.”

ಸಾದಾ ಮಷೀನು ಮನೆಗೆ ಬಂತು. ಮಧ್ಯಾಹ್ನಗಳಲ್ಲಿ ಅದರ ಸದ್ದಿನಡಿ ನಮ್ಮವ್ವನ ಸೀರೆ, ಮಗಳ ಲಂಗ ಒಂದಾದವು. ಕೊನೆಯ ಮೂಲೆಯನ್ನು ಮಾತ್ರ ಹೆಂಡತಿ ನೋಯುವ ಬೆರಳಲ್ಲೇ ಹೊಲಿದಳು. ರೊಟ್ಟಿ ಹಿಡಿದು ಕೂರುವ ಘನಕಾರ್ಯ ನನ್ನದಾಗಿತ್ತು. ಕೂಸು ಇನ್ನೂ ಬಂದಿಲ್ಲ. ಕೌದಿ ಉಂಡು ಮಲಗಿದೆ.