ಮೊದಲ ಮುದ್ರಣದ ರೆಕಾರ್ಡು

ಲಂಡನ್ನಿನ ಗ್ರೀನ್‌ಫರ್ಡ್‌ನಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರಿದ್ದರು. ಹಳೆಯ ರೆಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿದು, ಲೇಬಲ್ಲಿನ ಪಕ್ಕ ಕೊರೆದ ಮುದ್ರಣದ ನಂಬರನ್ನು ಭೂತಗನ್ನಡಿಯಲ್ಲಿ ಓದಿ, "ಇದಕ್ಕೂ ಹಿಂದಿನದೊಂದು ಉಂಟು ಮಾರಾಯ" ಎನ್ನುತ್ತಿದ್ದರು.

ಅವರು ಬೆನ್ನು ಹತ್ತಿದ್ದು ಅಮೆರಿಕದ ರೈಲು ಕೂಲಿಗಳ ಹಾಡುಗಳ ಒಂದೇ ಆಲ್ಬಮ್ಮನ್ನು. ಅದು ಹಲವು ಸಲ ಬಿಡುಗಡೆಯಾಗಿತ್ತು. ಪ್ರತಿ ಸಲವೂ ಒಂದೆರಡು ಹಾಡು ಬದಲಾಗಿದ್ದವು. ತಾಯಿಯೊಬ್ಬಳು ಮಗನನ್ನು ಕರೆಯುವ ಹಾಡೊಂದು ಅದರಲ್ಲಿತ್ತೆಂದು ಅವರ ಹೆಂಡತಿ ಹೇಳುತ್ತಿದ್ದರು. ಲಂಡನ್ನಿಗೆ ಬಂದ ಹೊಸತರಲ್ಲಿ ಕೇಳಿದ್ದರಂತೆ. ಮರೆವಿನ ಕಾಯಿಲೆಯಲ್ಲಿ ಮಕ್ಕಳ ಹೆಸರೇ ಹೋದರೂ ಆ ಹಾಡು ಉಳಿದಿತ್ತು.

ಉಳಿದ ಮುದ್ರಣಗಳಲ್ಲೆಲ್ಲ ಆ ಹಾಡನ್ನು ಹುಡುಕಿ ಮುಗಿಸಿದ ಮೇಲೆ, ಕೊನೆಗೆ ಮೊದಲನೆಯದು ಅಂಚೆಯಲ್ಲಿ ಬಂತು. ಅಂದು ನಾನೂ ಅಲ್ಲಿದ್ದೆ. ಎರಡೂ ಬದಿ ಕೇಳಿದೆವು. ಆ ಹಾಡು ಇರಲಿಲ್ಲ. ಅವರು ಹೆಂಡತಿಯ ಕೈ ಹಿಡಿದು, "ಇದು ಬೇರೆ. ನಿನ್ನದು ಇನ್ನು ಬರಬೇಕಷ್ಟೆ" ಎಂದರು. ಆಕೆ ತಲೆಯಾಡಿಸಿದರು.

ಆಕೆ ತೀರಿಕೊಂಡ ಮೇಲೂ ಹುಡುಕಾಟ ನಿಲ್ಲಲಿಲ್ಲ. ಯಾವ ಮುದ್ರಣದಲ್ಲೂ ಇಲ್ಲದ್ದು ಇನ್ನೆಲ್ಲಿ ಸಿಗುತ್ತದೆ ಎಂದು ಒಮ್ಮೆ ಕೇಳಿಬಿಟ್ಟೆ.

ಅವರು ನನ್ನತ್ತ ನೋಡಲಿಲ್ಲ. "ಇತ್ತು ಅಂತ ಅವಳು ಹೇಳಿದ್ದಾಳಲ್ಲ" ಎಂದರು.