ಅಣ್ಣನ ದೋಣಿಯ ಎಂಜಿನ್ ನೋಡಲು ಭಿಗವಣಕ್ಕೆ

ದಸರೆ ಮುಗಿದ ಮರುದಿನ ಬೆಳಿಗ್ಗೆ ಪುಣೆಯ ಕೊಂಢವಾದಿಂದ ರಿಕ್ಷಾ ಹಿಡಿದು ಹಡಪಸರಕ್ಕೆ ಬಂದೆ. ಕೈಯಲ್ಲಿ ಪಾನಾ, ಸ್ಕ್ರೂಡ್ರೈವರುಗಳ ಪೆಟ್ಟಿಗೆ, ಹೆಗಲಿಗೆ ಒಂದು ಜೊತೆ ಬಟ್ಟೆಯ ಚೀಲ. ಸೋಲಾಪುರದ ಬಸ್ಸು ತುಂಬಿ ತುಳುಕುತ್ತಿತ್ತು. ಪೆಟ್ಟಿಗೆ ಕಂಡ ಕಂಡಕ್ಟರ್ ಮುಖ ಸಿಂಡರಿಸಿ, ಅದಕ್ಕೂ ಟಿಕೆಟ್ ಹರಿದ. ಭಿಗವಣಕ್ಕೆ ನೂರು ಕಿಲೋಮೀಟರಿನ ಹಾದಿ. ಲೋಣಿ ದಾಟುವವರೆಗೂ ನಿಂತೇ ಬಂದೆ.

ನಾನು ಧಾರವಾಡದವನು. ಕೊಂಢವಾದಲ್ಲಿ ಡೀಸೆಲ್ ಪಂಪು ರಿಪೇರಿ ಮಾಡುವ ಸಣ್ಣ ಅಂಗಡಿ ನನ್ನದು. ಅಣ್ಣ ವಸಂತ ಭಿಗವಣದ ಕಡೆ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಬಂದ ಹಣವನ್ನೆಲ್ಲ ಹಾಕಿ ಒಂದು ಹಳೆಯ ದೋಣಿ ಕೊಂಡಿದ್ದ. ಚಳಿಗಾಲದಲ್ಲಿ ಉಜನಿ ಅಣೆಕಟ್ಟಿನ ಹಿನ್ನೀರಿಗೆ ಹಕ್ಕಿ ನೋಡಲು ಬರುವ ಪುಣೆಯ ಜನರನ್ನು ಅದರಲ್ಲಿ ಕೂರಿಸಿ ಸುತ್ತಾಡಿಸುವ ಯೋಚನೆ. ನಾವಿಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಅವ್ವ ಅವನ ಮನೆಯಲ್ಲಿ ತೀರಿಕೊಂಡಾಗ ನನಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದು ಬೂದಿ ಆರಿದ ಮೇಲೆ. ಗಡಿಬಿಡಿಯಲ್ಲಿ ಮರೆತೆ ಎಂದಿದ್ದ. ತಮ್ಮನನ್ನು ಮರೆಯುವ ಗಡಿಬಿಡಿ ಎಂಥದಿರಬಹುದೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಂಥವನ ಫೋನು ದಸರೆಯ ದಿನ ಬಂತು. "ನಾಗ್ಯಾ, ಎಂಜಿನ್ ಚಾಲೂ ಆಗವಲ್ದೋ. ನಾಡದು ತಪಾಸಣಿಗೆ ಸಾಹೇಬರು ಬರತಾರ. ದೋಣಿ ಓಡಲಿಲ್ಲಂದ್ರ ಈ ವರ್ಷ ಪರವಾನಗಿ ಇಲ್ಲ." ಏನೂ ಒಪ್ಪದೆ ಫೋನು ಇಟ್ಟೆ. ಹೆಂಡತಿ ಸುಮಾ ಮಾತ್ರ ಸುಮ್ಮನಿರಲಿಲ್ಲ. "ನಿಮ್ಮಣ್ಣ ತಾವಾಗೇ ಕರದಾರ. ಹೋಗ್ರಿ. ಎಷ್ಟು ದಿನಾ ಅಂತ ಹಿಂಗ ಇರ್ತೀರಿ?" ಎಂದಳು. ಅವನು ಕರೆದದ್ದು ತಮ್ಮನನ್ನೋ ಮೇಸ್ತ್ರಿಯನ್ನೋ, ಅದನ್ನು ತಿಳಿಯಬೇಕಿತ್ತು. ಅದಕ್ಕಾಗಿಯೇ ಹೊರಟೆ. ಎಂಜಿನ್ನು ನೆಪ.

ಯವತದಲ್ಲಿ ಬಸ್ಸು ನಿಂತಿತು. ಮಿಸಳ್ ತಿಂದೆ. ಖಾರ ನೆತ್ತಿಗೇರುವಂತಿತ್ತು, ಪಾವು ನಿನ್ನೆಯದು. ಪಾಟಸ ದಾಟಿದ ಮೇಲೆ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದನ್ನು ಹಿಂದೆ ಹಾಕಲು ನಮ್ಮ ಡ್ರೈವರ್ ಹತ್ತು ಸಲ ಹಾರ್ನ್ ಹೊಡೆಯುತ್ತಿದ್ದ. ಬಿಸಿಲು ಏಪ್ರಿಲ್ಲಿನಂತೆ ಸುಡುತ್ತಿತ್ತು. ಭಿಗವಣದಲ್ಲಿ ಇಳಿದಾಗ ನನ್ನನ್ನು ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಪೆಟ್ಟಿಗೆ ಹೊತ್ತುಕೊಂಡು ಷೇರ್ ರಿಕ್ಷಾ ಹತ್ತಿ ನೀರಿನ ದಂಡೆಗೆ ಹೋದೆ.

ಅಣ್ಣ ದೋಣಿಯಲ್ಲೇ ಇದ್ದ. ಮುಪ್ಪು ಬಂದಿತ್ತು, ಕುತ್ತಿಗೆಯ ಚರ್ಮ ಜೋತಿತ್ತು. "ಬಂದ್ಯಾ? ಇದನ್ನ ನೋಡು ಮೊದಲ," ಎಂದು ಎಂಜಿನ್ ಮೇಲಿನ ಹಲಗೆ ಎತ್ತಿದ. ಆರು ವರ್ಷದ ನಂತರ ಎದುರಾಬದುರಾಗಿ ಆಡಿದ ಮೊದಲ ಮಾತು ಅದು. ನೀರು ಬೇಕೇನು ಎಂದು ಕೇಳಿದ್ದು ದಂಡೆಯ ಮೇಲಿನ ಮನೆಯಿಂದ ಬಂದ ವೈನಿ, ಅಣ್ಣನ ಹೆಂಡತಿ. ತಾಮ್ರದ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಎರಡು ಉಂಡಿ ತಂದಿಟ್ಟು, "ಭಾಳ ಸೊರಗೀರಿ ನೀವು," ಎಂದರು. ಒಂದು ಉಂಡಿ ಬಾಯಿಗೆ ಹಾಕಿಕೊಂಡು ಎಂಜಿನ್ ಕಡೆ ಬಗ್ಗಿದೆ.

ದೋಣಿಯ ಹೊಟ್ಟೆಯೊಳಗೇ ಕೂರಿಸಿದ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. ಬ್ಯಾಟರಿ ಗಟ್ಟಿಯಾಗಿತ್ತು, ಸ್ಟಾರ್ಟರ್ ಗರಗರ ತಿರುಗಿಸುತ್ತಿತ್ತು. ಆದರೆ ಹೊಗೆಕೊಳವೆಯಲ್ಲಿ ಚೂರೂ ಹೊಗೆಯಿಲ್ಲ. ಅಂದರೆ ಎಣ್ಣೆ ಎಂಜಿನ್ನಿಗೆ ಮುಟ್ಟುತ್ತಿಲ್ಲ. ಊರಿನ ಮೆಕ್ಯಾನಿಕ್ ಆಗಲೇ ಡೀಸೆಲ್ ಟಾಕಿಯಿಂದ ಎಣ್ಣೆ ಎಳೆಯುವ ಪಂಪು ಕೆಟ್ಟಿದೆ ಎಂದು ಹೊಸದು ಹಾಕಿಸಿದ್ದ. ನಾನು ಫಿಲ್ಟರ್ ಬಿಚ್ಚಿದೆ, ಸ್ವಚ್ಛವಿತ್ತು. ಗಾಳಿ ಬಿಡುವ ಸ್ಕ್ರೂ ಸಡಿಲಿಸಿ ಪಂಪಿನ ಕೈಹಿಡಿ ಒತ್ತಿದರೆ ಎಣ್ಣೆಯ ಬದಲು ನೊರೆ ಬಂತು. ನೊರೆಯೆಲ್ಲ ಹೋಗುವವರೆಗೆ ಒತ್ತಿ, ಸ್ಕ್ರೂ ಬಿಗಿದು ಕೀಲಿ ತಿರುಗಿಸಿದೆ. ಎಂಜಿನ್ ಶುರುವಾಯಿತು. ಅಣ್ಣ ಆಕಾಶಕ್ಕೆ ಕೈ ಮುಗಿದ, ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತು ಓಡಿ ಕೆಮ್ಮಿ ಕೆಮ್ಮಿ ಮತ್ತೆ ಸತ್ತಿತು.

ಪೈಪಿನ ಕೀಲುಗಳನ್ನೆಲ್ಲ ಬಿಗಿದೆ. ಪಂಪು ಬಿಚ್ಚಿ ಒಳಗಿನ ರಬ್ಬರ್ ಪೊರೆ ಹರಿದಿದೆಯೇ ಎಂದು ನೋಡಿದೆ. ಮತ್ತೆ ಶುರು, ಮತ್ತೆ ಸಾವು. ಮಧ್ಯಾಹ್ನವೆಲ್ಲ ಹೀಗೇ ಹೋಯಿತು, ಬೆವರಿಗೆ ಕಣ್ಣು ಉರಿಯುತ್ತಿತ್ತು. ಎಂಜಿನ್ ನಿಂತ ಕೂಡಲೇ ಯಾಕೋ ಟಾಕಿಯ ಮುಚ್ಚಳ ತಿರುವಿದೆ. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಆಗ ಹೊಳೆಯಿತು. ಟಾಕಿಗೆ ಉಸಿರಾಡಲು ದಾರಿಯಿಲ್ಲ. ಒಳಗಿನ ಎಣ್ಣೆ ಖರ್ಚಾದಷ್ಟು ಗಾಳಿ ಒಳಗೆ ಹೋಗದಿದ್ದರೆ ಎಂಥ ಹೊಸ ಪಂಪೂ ಎಣ್ಣೆ ಎಳೆಯಲಾರದು.

ಗಾಳಿಯ ಕೊಳವೆ ಎಲ್ಲಿ ಎಂದು ಹುಡುಕುತ್ತ ದೋಣಿಯ ಮುಂಭಾಗಕ್ಕೆ ಹೋದೆ. ಅಲ್ಲಿ ಗಣಪತಿ ಕೂತಿದ್ದ. ಹಲಗೆಯಿಂದ ಮೇಲೆದ್ದು ತುದಿಯಲ್ಲಿ ಕೆಳಕ್ಕೆ ಬಾಗಿದ ಕಬ್ಬಿಣದ ಕೊಳವೆ ಸೊಂಡಿಲಿನಂತೆ ಕಂಡಿದೆ ಇವರಿಗೆ. ಖಂಡೇನವಮಿಯ ಆಯುಧಪೂಜೆಗೆ ಅದಕ್ಕೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ದಪ್ಪಗೆ ಮೆತ್ತಿ, ಬೆಳ್ಳಿಯ ಎರಡು ಕಣ್ಣು ಅಂಟಿಸಿ, ಕೆಂಪು ಬಟ್ಟೆ ಕಟ್ಟಿದ್ದರು. ಸೊಂಡಿಲಿನ ಬಾಯಿ ಸಿಂಧೂರದಿಂದ ಬಿಗಿದುಹೋಗಿತ್ತು. ನನಗೆ ನಗೆಯೂ ಬಂತು, ಮೈಯೂ ಉರಿಯಿತು.

"ಅಣ್ಣಾ, ಇದು ಟಾಕಿ ಉಸಿರಾಡೋ ಕೊಳವಿ. ಇದರ ಬಾಯಿಗೆ ಮೆತ್ತೀರಲ್ಲೋ. ಇದರಿಂದನ ಬಂದ್ ಬೀಳತದ," ಎಂದೆ.

"ದೇವರ ಮೈ ಕೆರೀಬ್ಯಾಡ ನೀ," ಎಂದ.

"ದೇವರ ಮೈ ಮುಟ್ಟೂದಿಲ್ಲ. ಬಾಯಿ ಅಷ್ಟ ಬಿಡಸ್ತೀನಿ."

ಮೊಳೆಯಿಂದ ಬಾಯಿ ಬಿಡಿಸಿದೆ. ಎಂಜಿನ್ ಕತ್ತಲಾಗುವವರೆಗೆ ನಿಲ್ಲದೆ ಓಡಿತು. "ಇನ್ನ ಮ್ಯಾಲೆ ಏನೂ ಮೆತ್ತಬ್ಯಾಡ್ರಿ," ಎಂದು ಇಬ್ಬರಿಗೂ ಹೇಳಿದೆ. ವೈನಿ ಹೂಂ ಎಂದರು. ಅಣ್ಣ ತಲೆಯಾಡಿಸಿದ. ಆ ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ ಊಟ. ಅವ್ವನ ಫೋಟೋ ಗೋಡೆಯ ಮೇಲಿತ್ತು. ಅಣ್ಣ ಅದರ ಬಗ್ಗೆ ಏನಾದರೂ ಹೇಳಬಹುದೆಂದು ಕಾದೆ. ಅವನು ಸಾಹೇಬರಿಗೆ ಎಷ್ಟು ಹೊತ್ತಿಗೆ ಚಹಾ ಕೊಡಬೇಕೆಂಬ ಚಿಂತೆಯಲ್ಲಿದ್ದ.

ಮರುದಿನ ತಪಾಸಣೆಯ ಸಾಹೇಬರು ಬಂದರು, ಮರಾಠಿ ಮನುಷ್ಯ, ಸಮಾಧಾನದವರು. ದೋಣಿ ತಿರುಗಿಸುವ ಚಕ್ರ ಹಿಡಿದು ಅಣ್ಣ, ಪಕ್ಕದಲ್ಲಿ ಸಾಹೇಬರು, ಎಂಜಿನ್ ಬಳಿ ನಾನು. ಚಳಿಗಾಲದ ಹಕ್ಕಿಗಳು ಇನ್ನೂ ಬಂದಿರಲಿಲ್ಲ, ಬರೀ ಹಸಿರು ನೀರು. ದಂಡೆ ಸಣ್ಣದಾಗಿ ಕಾಣುವಷ್ಟು ದೂರ ಹೋಗಿದ್ದೆವು. ಎಂಜಿನ್ ಕೆಮ್ಮಿತು. ಇನ್ನೆರಡು ಸಲ ಕೆಮ್ಮಿ ನಿಂತುಬಿಟ್ಟಿತು.

"ಕಾಯ್ ಝಾಲಂ?" ಏನಾಯಿತೆಂದು ಸಾಹೇಬರು ಕೇಳಿದರು.

ಅಣ್ಣ ಹಿಂದಿರುಗಿ ನೋಡದೆ, ಚೊಕ್ಕ ಮರಾಠಿಯಲ್ಲಿ ಉತ್ತರ ಕೊಟ್ಟ. "ದೋಣಿಯಲ್ಲಿ ದೋಷವಿಲ್ಲ ಸಾಹೇಬ. ಪುಣೆಯಿಂದ ಒಬ್ಬ ಮೇಸ್ತ್ರಿ ಕರೆಸಿದ್ದೆ. ನಿನ್ನೆ ಪಂಪು ಬಿಚ್ಚಿ ಅವನೇ ಕೆಡಿಸಿಟ್ಟಿದ್ದಾನೆ."

ಮೂರು ಮಾರು ದೂರದಲ್ಲಿ ಕೂತಿದ್ದೆ. ಕಿವಿಗೆ ಕಾದ ಎಣ್ಣೆ ಹೊಯ್ದಂತಾಯಿತು. ಒಬ್ಬ ಮೇಸ್ತ್ರಿ. ಹುಟ್ಟಿದಾಗಿನಿಂದ ನಾಗ್ಯಾ ಎಂದು ಕರೆದ ಬಾಯಿ ಅದು. ಆ ಕ್ಷಣ ಅವನನ್ನು ನೀರಿಗೆ ದಬ್ಬಬೇಕೆನ್ನಿಸಿತು, ಸುಳ್ಳು ಹೇಳುವುದಿಲ್ಲ.

ಎದ್ದು ಮುಂಭಾಗಕ್ಕೆ ಹೋದೆ. ಶುಭವಾಗಲೆಂದು ಅಣ್ಣ ಬೆಳಿಗ್ಗೆ ಪೂಜೆ ಮಾಡಿ, ನಾನು ಬಿಡಿಸಿದ ಬಾಯಿಗೆ ಮತ್ತೆ ಹಸಿ ಸಿಂಧೂರ ಮೆತ್ತಿದ್ದ. ಅದರ ಮೇಲೆ ಹೊಸ ಬಟ್ಟೆ. ಬಟ್ಟೆ ಕಿತ್ತೆ, ಸ್ಕ್ರೂಡ್ರೈವರಿನಿಂದ ಸಿಂಧೂರ ಕೆರೆದೆ. ಒಂದು ಬೆಳ್ಳಿಯ ಕಣ್ಣು ಕಿತ್ತು ನೀರಿಗೆ ಬಿತ್ತು. ಅಣ್ಣ "ಅಯ್ಯೋ" ಎಂದ. ವಾಪಸು ಬಂದು ನೊರೆ ಬಿಡಿಸಿ ಕೀಲಿ ತಿರುಗಿಸಿದೆ. ಎಂಜಿನ್ ಶುರುವಾಯಿತು. ಸಾಹೇಬರಿಗೆ ಕಾರಣ ವಿವರಿಸಿದೆ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೂ ಎರಡು ದೊಡ್ಡ ಸುತ್ತು ಹೊಡೆಸಿದರು. ದೋಣಿ ಎಲ್ಲೂ ನಿಲ್ಲಲಿಲ್ಲ.

ದಂಡೆಗೆ ಬಂದ ಮೇಲೆ ಪರವಾನಗಿಗೆ ಅಡ್ಡಿಯಿಲ್ಲ ಎಂದರು. ಅಣ್ಣ ಅವರಿಗೆ ಶಾಲು ಹೊದಿಸಿದ. ಹೋಗುವ ಮುಂಚೆ ಸಾಹೇಬರು ನನ್ನ ಬಳಿ ಬಂದು ಮರಾಠಿಯಲ್ಲಿ, "ನೀವಿಬ್ಬರೂ ಕಾನಡಿ ಮಾತಾಡ್ತೀರಿ, ಮುಖದಲ್ಲೂ ಹೋಲಿಕೆಯಿದೆ. ಇವರು ನಿಮಗೇನಾಗಬೇಕು?" ಎಂದು ಕೇಳಿದರು.

ಅಣ್ಣ ಆಗ ನನ್ನ ಮುಖ ನೋಡಿದ. ಈ ಎರಡು ದಿನದಲ್ಲಿ ಸರಿಯಾಗಿ ನೋಡಿದ್ದು ಅದೇ ಮೊದಲು. ಅವನ ಕಣ್ಣಲ್ಲಿ ಅಂಜಿಕೆಯಿತ್ತು, ಆಸೆಯೂ ಇತ್ತು. ನಾನು ಒಂದು ಮಾತು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತೇನೋ.

"ಏನೂ ಆಗಬೇಕಿಲ್ಲ ಸಾಹೇಬ," ಎಂದೆ, ಮರಾಠಿಯಲ್ಲೇ. "ಗಿರಾಕಿ."

ಅವನಿಗೆ ತಾಗಿತು. ತಾಗಲಿ ಎಂದೇ ಅಂದದ್ದು. ಶಾಲಿನ ಖಾಲಿ ಚೀಲ ಹಿಡಿದುಕೊಂಡು ನಿಂತೇ ಇದ್ದ. ವೈನಿ ಊಟಕ್ಕೆ ಎಲೆ ಹಾಕಿದ್ದರು, ಕೈ ಮುಗಿದು ಹೊರಟುಬಿಟ್ಟೆ.

ಪುಣೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಬ್ಬಿನ ಗದ್ದೆಗಳ ಆಚೆ ಹಿನ್ನೀರು ಸ್ವಲ್ಪ ದೂರ ಜೊತೆಗೆ ಬಂದು ಮರೆಯಾಯಿತು. ಕುರಕುಂಭದ ಹತ್ತಿರ ಸುಮಾಳ ಫೋನು ಬಂತು.

"ಎಂಜಿನ್ ಸರಿ ಆತೇನ್ರಿ?"

"ಆತು."

"ಮತ್ತ, ಅಣ್ಣ ತಮ್ಮ ಮಾತಾಡಿದ್ರೇನು?" ದನಿಯಲ್ಲಿ ಎಷ್ಟು ಆಸೆಯಿತ್ತು ಅವಳಿಗೆ.

"ಮಾತಾಡಿದಿವಿ," ಎಂದೆ. "ಮರಾಠಿಯೊಳಗ."