ಮೇಯ ಅಜ್ಜಿಯ ಹಾಡು

ಡಾಟ್‌ಕಾಮ್ ಜೋರಾಗಿದ್ದ ಕಾಲ. ಅಮೆರಿಕದ ಮೆನ್ಲೋ ಪಾರ್ಕಿನ ನಮ್ಮ ಆಫೀಸಿನಲ್ಲಿ ಪಾಟ್‌ಲಕ್, ಅಂದ್ರೆ ಎಲ್ಲರೂ ಮನೆಯಿಂದ ಅಡುಗೆ ತಂದು ಹಂಚಿ ತಿನ್ನೋ ಊಟ; ಅದರಲ್ಲಿ ಎಲ್ಲರೂ ಅವರವರ ಭಾಷೆಯ ಹಾಡು ಹೇಳಬೇಕಂತೆ. ಪಕ್ಕದ ಕ್ಯೂಬಿಕಲ್ಲಿನ ಗೆಳತಿ ಮೇ ಚೀನಾದ ಝುವಾಂಗ್ ಜನಾಂಗದವಳು.

"ನಂಗೆ ಚೈನೀಸು ಬಿಟ್ರೆ ಏನೂ ಬರಲ್ಲ. ನಮ್ಮ ಭಾಷೆ ಅಜ್ಜಿ ಜೊತೇನೇ ಹೋಯ್ತು, ಅಮ್ಮನಿಗೂ ಮರೆತುಹೋಗಿದೆ. ಅಜ್ಜಿ ಹಾಡು ಕೇಳಬೇಕು ಅಂತ ಅಮ್ಮ ಬೇರೆ ಬರ್ತಿದಾರೆ" ಎಂದು ಕಣ್ಣೀರಿಟ್ಟಳು.

"ಅಳಬೇಡ ತಾಯಿ, ನಾನಿದೀನಿ" ಎಂದು ನಮ್ಮ ಮಂಡ್ಯ ಕಡೆಯ ರಾಗಿ ಬೀಸೋ ಪದ ಕಲಿಸಿಬಿಟ್ಟೆ. ಅದನ್ನೇ ಝುವಾಂಗ್ ಹಾಡು ಅಂತ ಹಾಡಿದಳು. ಚಪ್ಪಾಳೆಯೋ ಚಪ್ಪಾಳೆ.

ಅವಳಮ್ಮ ಕಣ್ಣೊರೆಸಿಕೊಂಡು ಚೈನೀಸಿನಲ್ಲಿ ಏನೋ ಹೇಳಿ, ಒಂದು ಸಾಲನ್ನು ತಾವೇ ಹಾಡಿದರು. ಮೇ ಬೆಪ್ಪಾಗಿ ನನ್ನ ಕಿವಿಯಲ್ಲಿ, "ಅಜ್ಜಿ ಹಾಡು ಇದೇ ಅಂತೆ, ಎರಡನೇ ಸಾಲಿನ ರಾಗ ತಪ್ಪಿದೀನಂತೆ!" ಎಂದಳು.

ನನಗಿವತ್ತಿಗೂ ತಲೆಬುಡ ತಿಳಿದಿಲ್ಲ. ನಮ್ಮಜ್ಜಿಯೂ ಆ ಸಾಲನ್ನು ಮೇಯ ಅಮ್ಮ ಹಾಡಿದ ಹಾಗೇ ಎಳೀತಿದ್ದಳು.